ಗುಡ್ಡದ ಬೇಸಾಯ: ನೀಲಗಿರಿ ನಮಗೆ ಹೇಳುವ ಮಾತು

ಗುಡ್ಡಗಾಡಿನ ಬೇಸಾಯದ ಬಗ್ಗೆ ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಬಹುಮಟ್ಟಿಗೆ ಒಂದೇ ಮಾತು. ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬೆಳೆ ತೆಗೆಯುತ್ತಾರೆ. ಅದಕ್ಕೆ ಮೆಟ್ಟಿಲು ಬೇಸಾಯ ಎಂದು ಹೆಸರು. ಪರೀಕ್ಷೆಯಲ್ಲಿ ಇದಕ್ಕೆ ಒಂದೋ ಎರಡೋ ಅಂಕ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಗುಡ್ಡೆಯ ಬದಿಯಲ್ಲಿ ಹುಟ್ಟಿ, ಗುಡ್ಡೆಯ ಸುರಂಗದ ನೀರು ಕುಡಿದು, ಪ್ರತಿ ಮಳೆಗಾಲದಲ್ಲಿ ಎಲ್ಲೋ ಒಂದು ಕಡೆ ಗುಡ್ಡೆ ಜರಿದ ಸುದ್ದಿಯನ್ನು ಓದುವ ನಮ್ಮ ಮಕ್ಕಳಿಗೆ ಈ ಅರ್ಧ ಮಾತು ಸಾಲದು. ಇಳಿಜಾರಿನಲ್ಲಿ ಬದುಕುವ ವಿದ್ಯೆ ಮೆಟ್ಟಿಲು ಕಡಿಯುವುದರಲ್ಲಿ ಮುಗಿಯುವುದಿಲ್ಲ. ಯಾವ ಎತ್ತರಕ್ಕೆ ಯಾವ ಬೆಳೆ, ಯಾವ ಮಳೆಗೆ ಯಾವ ಬಿತ್ತನೆ, ಯಾವ ನೆಲಕ್ಕೆ ಎಷ್ಟು ವರ್ಷದ ವಿಶ್ರಾಂತಿ, ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂಬ ಹಲವು ಲೆಕ್ಕಗಳು ಕೂಡಿ ಆದ ವಿದ್ಯೆ ಅದು. ಆ ಲೆಕ್ಕ ತಪ್ಪಿದಲ್ಲೆಲ್ಲ ಬೆಟ್ಟ ಅದನ್ನು ಬಡ್ಡಿಸಹಿತ ವಸೂಲು ಮಾಡಿದೆ. ಇದಕ್ಕೆ ನೀಲಗಿರಿಗಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ನೀಲಗಿರಿಯೇ ಯಾಕೆ?

ಕಾಸರಗೋಡಿನಲ್ಲಿ ಕುಳಿತು ನೀಲಗಿರಿಯ ಮಾತು ಯಾಕೆ ಎಂದು ಓದುಗರು ಕೇಳಬಹುದು. ಮೊದಲನೆಯ ಕಾರಣ ಭಾಷೆಯ ನಂಟು. ಉದಕಮಂಡಲದ ಪಕ್ಕದ ಅತ್ಯುನ್ನತ ಶಿಖರಕ್ಕೆ ಇಂದಿಗೂ ದೊಡ್ಡಬೆಟ್ಟ ಎಂದೇ ಹೆಸರು. ಎತ್ತರ 2,637 ಮೀಟರ್. ಆ ಹೆಸರಿನ ಅರ್ಥವನ್ನು ನಮ್ಮ ಮನೆಯ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದ ಮೇಲಿನ ಮುಖ್ಯ ಬೇಸಾಯಗಾರರು ಬಡಗರು. ಬಡಗು ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ, ಕೆಲವು ಶತಮಾನಗಳ ಹಿಂದೆ ಬೆಟ್ಟ ಹತ್ತಿ ಬಂದವರು ಎಂಬುದನ್ನು ಅವರ ಹೆಸರೇ ಹೇಳುತ್ತದೆ. ತಮ್ಮ ಬೆಟ್ಟ ಸೀಮೆಯನ್ನು ಅವರು ನಾಕುಬೆಟ್ಟ ಎನ್ನುತ್ತಾರೆ. ಊರನ್ನು ಹಟ್ಟಿ ಎನ್ನುತ್ತಾರೆ. ನಮ್ಮಲ್ಲಿ ಹಟ್ಟಿ ಎಂದರೆ ದನ ಕಟ್ಟುವ ಜಾಗ. ಅಲ್ಲಿ ಮನುಷ್ಯರೂ ದನಗಳೂ ಕೂಡಿ ಬಾಳಿದ ಊರು. 2011ರ ಜನಗಣತಿಯಲ್ಲಿ ಸುಮಾರು 1 ಲಕ್ಷ 33 ಸಾವಿರ ಮಂದಿ ಬಡಗವನ್ನು ಮಾತೃಭಾಷೆಯಾಗಿ ಬರೆಸಿದರು. ಜನಗಣತಿ ಅದನ್ನು ಕನ್ನಡದ ಗುಂಪಿಗೆ ಸೇರಿಸಿತು. ಅದು ಸ್ವತಂತ್ರ ಭಾಷೆಯೆಂದು ಹೇಳುವ ಬಡಗರಿದ್ದಾರೆ. ಆ ಮಾತಿಗೆ ನಾವು ಅಡ್ಡ ಬರುವುದಿಲ್ಲ. ಸಣ್ಣ ಭಾಷೆಯವರ ಮನಸ್ಸು ಸಣ್ಣ ಭಾಷೆಯವರಿಗೆ ತಿಳಿಯಬೇಕು.

ಎರಡನೆಯ ಕಾರಣ ಚರಿತ್ರೆಯದು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ನಮ್ಮ ಸೀಮೆಯೂ ನೀಲಗಿರಿಯೂ ಕಂಪೆನಿಯ ಕೈ ಸೇರಿದವು. ಮುಂದೆ ಬಹುಕಾಲ ಎರಡೂ ಮದ್ರಾಸ್ ಆಡಳಿತದ ಕೆಳಗಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ನೀಲಗಿರಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಗುಡ್ಡದ ಬೇಸಾಯದ ಬಗ್ಗೆ ಮದ್ರಾಸಿನ ಅಧಿಕಾರಿಗಳು ತಳೆದ ಧೋರಣೆಯ ಫಲವನ್ನು ಎರಡೂ ಕಡೆಯವರು ಉಂಡಿದ್ದೇವೆ. ಆ ಮಾತು ಮುಂದೆ ಬರಲಿದೆ.

ಒಂದು ಬೆಟ್ಟ, ಹಲವು ಹವೆ

ನೀಲಗಿರಿ ಒಂದೇ ಜಿಲ್ಲೆ. ಆದರೆ ಅಲ್ಲಿನ ಹವೆ ಒಂದೇ ಅಲ್ಲ. ಪಶ್ಚಿಮದ ಗೂಡಲೂರು, ನಡುವಟ್ಟಂ, ಅವಲಾಂಚಿ ಕಡೆಗಳಿಗೆ ಮುಂಗಾರು ನೇರವಾಗಿ ಬಂದು ಬಡಿಯುತ್ತದೆ. ನಮ್ಮ ಜೂನ್–ಜುಲೈ ತಿಂಗಳ ಜಡಿಮಳೆಯನ್ನು ಕಂಡವರಿಗೆ ಅದರ ಅಂದಾಜು ಇದ್ದೀತು. ಪೂರ್ವದ ಕೂನೂರು, ಕೋತಗಿರಿಗಳಿಗೆ ಅಕ್ಟೋಬರ್–ನವೆಂಬರ್ ತಿಂಗಳ ಹಿಂಗಾರೇ ದೊಡ್ಡದು. ನಡುವಿನ ಉದಕಮಂಡಲಕ್ಕೆ ಎರಡು ಮಳೆಗಳಿಂದಲೂ ಪಾಲು. ಉತ್ತರಕ್ಕೆ ಕಲ್ಲಟ್ಟಿಯ 36 ತಿರುವುಗಳನ್ನು ಇಳಿದು ಮಸಿನಗುಡಿಗೆ ಹೋದರೆ ಮಳೆಯ ನೆರಳಿನ ಸೀಮೆ. ಕುರುಚಲು ಕಾಡು, ಒಣ ನೆಲ, ಆನೆಯ ಹಾದಿ. ಒಂದೇ ದಿನದ ಬಸ್ ಪ್ರಯಾಣದಲ್ಲಿ ಇಷ್ಟೆಲ್ಲ ಹವೆಗಳನ್ನು ದಾಟಬಹುದು.

ಇದರ ಮೇಲೆ ಚಳಿಯ ಲೆಕ್ಕ ಬೇರೆ. ಡಿಸೆಂಬರ್‌ನಿಂದ ಫೆಬ್ರವರಿಯ ತನಕ ಎತ್ತರದ ಕಣಿವೆಗಳಲ್ಲಿ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಹಾಸು ಹಾಸಿರುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಒಂದೇ ಇಳಿಜಾರಿನ ಕೆಳಗಿನ ಬೆಳೆ ಸುಟ್ಟುಹೋದ ರಾತ್ರಿ ಮಧ್ಯದ ಬೆಳೆ ಉಳಿಯಬಹುದು. ಬಡಗರ ಹಳೆಯ ಹಟ್ಟಿಗಳನ್ನು ನೋಡಿದರೆ, ಸಾಲುಮನೆಗಳು ಕಣಿವೆಯ ತಳದಲ್ಲಿಲ್ಲ. ದಿಬ್ಬದ ಮೇಲೆಯೋ ಬೆಟ್ಟದ ಹೆಗಲಿನಲ್ಲೋ ಇವೆ. ಮನೆಯ ಸುತ್ತ ಹೊಲ, ಆಚೆಗೆ ಹುಲ್ಲು, ತಗ್ಗಿನಲ್ಲಿ ಜೌಗು. ಜೌಗನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟಿದ್ದರು. ಇಂದು ತರಕಾರಿ ಬೆಳೆಗೂ ಕಟ್ಟಡಗಳಿಗೂ ಬಲಿಯಾಗುತ್ತಿರುವುದು ಅದೇ ಜೌಗು.

ಹಳೆಯ ಬೇಸಾಯದ ಲೆಕ್ಕ

ಇಂಥ ನೆಲದಲ್ಲಿ ಒಂದೇ ಬೆಳೆಯನ್ನು ನಂಬುವುದು ಜೂಜು. ಹಿಂದಿನವರು ಆ ಜೂಜಾಡಲಿಲ್ಲ. ಸಾಮೆ, ರಾಗಿ, ಕೊರಲೆ, ಕೀರೆ, ಅವರೆ; ಹೆಚ್ಚು ಚಳಿಯ ಎತ್ತರಗಳಲ್ಲಿ ಗೋಧಿ, ಬಾರ್ಲಿ. ಎತ್ತರ ಕಡಿಮೆಯಿದ್ದು ಬೆಚ್ಚಗಿರುವ ಕೋತಗಿರಿಯ ಬದಿಯಲ್ಲಿ ರಾಗಿ–ಸಾಮೆಗೆ ಹೆಚ್ಚು ನೆಲ. ಸಾಮೆ ಬಡ ಮಣ್ಣಿನಲ್ಲೂ ಬರುತ್ತದೆ. ಮಳೆ ಸ್ವಲ್ಪ ಹಿಂದುಮುಂದಾದರೂ ಪೂರ್ತಿ ಕೈಬಿಡುವುದಿಲ್ಲ. ಒಂದೇ ಕುಟುಂಬದ ಹೊಲಗಳು ಬೇರೆ ಬೇರೆ ಕಡೆ ಹರಡಿರುತ್ತಿದ್ದವು. ಒಂದು ಕಡೆ ಇಬ್ಬನಿ ಸುಟ್ಟರೆ, ಇನ್ನೊಂದು ಕಡೆ ಮಳೆ ಹೆಚ್ಚಾದರೆ, ಮೂರನೆಯ ಕಡೆ ಒಂದಿಷ್ಟು ಕಾಳು ಸಿಕ್ಕೀತು ಎಂಬ ಭರವಸೆ. ಎಲ್ಲ ಕಡೆಯೂ ತುಂಬಿದ ಫಸಲು ಅವರ ಗುರಿಯಾಗಿರಲಿಲ್ಲ. ಯಾವ ವರ್ಷವೂ ಮನೆ ಬರಿದಾಗಬಾರದು ಎಂಬುದು ಗುರಿಯಾಗಿತ್ತು. ಈ ಎರಡು ಗುರಿಗಳ ವ್ಯತ್ಯಾಸವನ್ನು ತಿಳಿಯದವರಿಗೆ ಹಳೆಯ ಬೇಸಾಯ ಹಿಂದುಳಿದ ಬೇಸಾಯವಾಗಿ ಕಂಡಿತು.

ಇನ್ನೊಂದು ಮುಖ್ಯ ಅಂಶ ನೆಲದ ವಿಶ್ರಾಂತಿ. ಹಟ್ಟಿಯ ಹತ್ತಿರದ ಹೊಲಗಳಿಗೆ ಎಮ್ಮೆ–ದನಗಳ ಗೊಬ್ಬರ ಸಿಗುತ್ತಿತ್ತು. ಅವುಗಳನ್ನು ವರ್ಷ ವರ್ಷ ಉಳಬಹುದಿತ್ತು. ದೂರದ ಇಳಿಜಾರಿಗೆ ಗೊಬ್ಬರ ಹೊರುವುದು ಹೇಗೆ? ಅಲ್ಲಿ ಸ್ವಲ್ಪ ಕಾಲ ಬೆಳೆ ತೆಗೆದು, ಮತ್ತೆ ಹಲವು ವರ್ಷ ಹುಲ್ಲು ಬೆಳೆಯಲು ಬಿಟ್ಟು, ಇನ್ನೊಂದು ತುಂಡಿಗೆ ಹೋಗುತ್ತಿದ್ದರು. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತಿತ್ತು, ದನ ಮೇಯುತ್ತಿತ್ತು, ನೆಲ ಚೇತರಿಸಿಕೊಳ್ಳುತ್ತಿತ್ತು. ಸರಕಾರದ ಕಾಗದಗಳಲ್ಲಿ ಈ ಪದ್ಧತಿಗೆ ಭುರ್ತಿ ಎಂದು ಹೆಸರು. ಕಂದಾಯದ ಅಧಿಕಾರಿಗೆ ಇದು ತಲೆನೋವು. ಯಾವ ರೈತ ಯಾವ ತುಂಡಿಗೆ ತೀರ್ವೆ ಕೊಡಬೇಕು ಎಂದು ಬರೆಯುವುದು ಕಷ್ಟ. 1860ರ ದಶಕದಲ್ಲಿ ಆ ಪದ್ಧತಿಯನ್ನು ನಿಲ್ಲಿಸಲಾಯಿತು. ಸರಿಸುಮಾರು ಅದೇ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕುಮೇರಿ ಬೇಸಾಯಕ್ಕೂ ಅದೇ ಮದ್ರಾಸ್ ಸರಕಾರದ ನಿರ್ಬಂಧ ಬಂತು. ಕುಮೇರಿಯಿಂದ ಕಾಡಿಗೆ ಹಾನಿಯೇ ಇರಲಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ನೆಲಕ್ಕೆ ವಿಶ್ರಾಂತಿ ಕೊಡುವವನು ಸೋಮಾರಿ, ಬಿಡುವಿಲ್ಲದೆ ಉಳುವವನು ಶ್ರಮಜೀವಿ ಎಂಬ ಭಾವನೆ ಆಗ ಕಚೇರಿಯೊಳಗೆ ಹೊಕ್ಕಿತು, ಇಂದಿಗೂ ಹೊರಬಂದಿಲ್ಲ.

ಬೇಸಾಯ ಬಡಗರೊಬ್ಬರಿಂದಲೇ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಕೋತರು ಗುದ್ದಲಿ–ಕತ್ತಿಗಳನ್ನೂ ಮಡಕೆಗಳನ್ನೂ ಮಾಡಿಕೊಡುತ್ತಿದ್ದರು. ತೊದವರ ಎಮ್ಮೆಗಳಿಂದ ತುಪ್ಪ ಬರುತ್ತಿತ್ತು. ಕುರುಂಬರು ಕಾಡಿನ ಉತ್ಪನ್ನ ತರುತ್ತಿದ್ದರು, ಬಿತ್ತನೆಯ ಮೊದಲ ಹಿಡಿ ಹಾಕುವ ಶಾಸ್ತ್ರಕ್ಕೂ ಬರುತ್ತಿದ್ದರು. ಬಡಗರು ಧಾನ್ಯ ಅಳೆದು ಕೊಡುತ್ತಿದ್ದರು. ಈ ಕೊಡುಕೊಳ್ಳುವಿಕೆ 20ನೆಯ ಶತಮಾನದ ಮೊದಲರ್ಧದಲ್ಲಿ ಸಡಿಲವಾಯಿತು. ಇದನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಮಾಟಗಾರರೆಂಬ ಸಂಶಯದಿಂದ ಕುರುಂಬರನ್ನು ಕೊಂದ ಕ್ರೂರ ಘಟನೆಗಳು 19ನೆಯ ಶತಮಾನದ ದಾಖಲೆಗಳಲ್ಲಿವೆ. ಅನ್ಯಾಯವನ್ನು ಬಿಟ್ಟು ವಿದ್ಯೆಯನ್ನು ಉಳಿಸಿಕೊಳ್ಳುವ ಬದಲು, ಅನ್ಯಾಯವನ್ನು ತೋರಿಸಿ ವಿದ್ಯೆಯನ್ನೂ ಎಸೆದುಬಿಡುವುದು ಮಾತ್ರ ಜಾಣತನವಲ್ಲ.

ಬಟಾಟೆ ಬಂತು, ಹುಳವೂ ಬಂತು

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಅವನ ಕಾಲದಿಂದ ಬಟಾಟೆಯೂ ಯುರೋಪಿನ ತರಕಾರಿಗಳೂ ನೀಲಗಿರಿಯಲ್ಲಿ ಬೇರೂರಿದವು. ಬಟಾಟೆ ಆ ಹವೆಗೆ ಚೆನ್ನಾಗಿ ಒಗ್ಗಿತು. ಇದರಲ್ಲಿಯೂ ರೈತರ ಬುದ್ಧಿವಂತಿಕೆಯನ್ನು ಮೆಚ್ಚಬೇಕು: ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಬಿತ್ತನೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇನ್ನೊಂದು, ನೀರಿನ ಅನುಕೂಲವಿದ್ದಲ್ಲಿ ಜನವರಿ–ಫೆಬ್ರವರಿಯಲ್ಲಿ ಮೂರನೆಯದು. ಹೊರಗಿನಿಂದ ಬಂದ ಬೆಳೆಯನ್ನು ಎರಡು ಮಳೆಗಳ ನಡುವೆ ಹೀಗೆ ಕೂರಿಸಿದವರನ್ನು ಹೊಸತಿಗೆ ಒಗ್ಗದವರು ಎಂದು ಕರೆಯಲಾಗದು.

ಆದರೆ ಹಣ ತರುವ ಬೆಳೆ ಬಂದ ಮೇಲೆ ನೆಲಕ್ಕೆ ವಿಶ್ರಾಂತಿ ಇಲ್ಲದಾಯಿತು. ಸಾಮೆಯ ನೆಲವೂ ಬಟಾಟೆಗೆ, ಹುಲ್ಲಿನ ನೆಲವೂ ಬಟಾಟೆಗೆ. 1961ರಲ್ಲಿ ಅಲ್ಲಿನ ಬಟಾಟೆ ಹೊಲಗಳಲ್ಲಿ ಬೇರು ತಿನ್ನುವ ಒಂದು ಸೂಕ್ಷ್ಮ ಹುಳ ಪತ್ತೆಯಾಯಿತು. ಚಿನ್ನದ ಬಣ್ಣದ ಸಣ್ಣ ಗುಳ್ಳೆಗಳಂತೆ ಬೇರಿಗೆ ಅಂಟಿಕೊಂಡಿರುವ ಈ ಪಿಡುಗು ಬೆಳೆಯಿಲ್ಲದಾಗಲೂ ಮಣ್ಣಿನಲ್ಲಿ ಹಲವು ವರ್ಷ ಜೀವ ಹಿಡಿದುಕೊಂಡಿರಬಲ್ಲದು. ಮಣ್ಣಂಟಿದ ಗಡ್ಡೆಯೊಡನೆ ಇನ್ನೊಂದು ಊರಿಗೂ ಹೋಗಬಲ್ಲದು. ಆದುದರಿಂದ ನೀಲಗಿರಿಯ ಬಿತ್ತನೆ ಬಟಾಟೆ ಹೊರಗೆ ಹೋಗುವುದಕ್ಕೇ 1970ರ ದಶಕದಲ್ಲಿ ನಿರ್ಬಂಧ ಬಂತು. ಉದಕಮಂಡಲದ ಮುತ್ತೋರೈಯಲ್ಲಿ 1957ರಿಂದ ಇರುವ ಬಟಾಟೆ ಸಂಶೋಧನಾ ಕೇಂದ್ರದವರು ಈ ಹುಳಕ್ಕೆ ಜಗ್ಗದ ತಳಿಗಳಿಗಾಗಿ ದುಡಿದರು. 1985ರಲ್ಲಿ ಬಂದ ಕುಫ್ರಿ ಸ್ವರ್ಣ ಅಂಥ ಒಂದು ತಳಿ. ತಳಿಯ ಜೊತೆಗೆ ವಿಜ್ಞಾನಿಗಳು ಕೊಡುವ ಇನ್ನೊಂದು ಸಲಹೆ ಏನು? ಒಂದೇ ಹೊಲದಲ್ಲಿ ಬಟಾಟೆಯ ಮೇಲೆ ಬಟಾಟೆ ಹಾಕಬೇಡಿ, ನಡುವೆ ಬೇರೆ ಬೆಳೆ ತೆಗೆಯಿರಿ, ನೆಲಕ್ಕೆ ಬಿಡುವು ಕೊಡಿ. 1860ರ ದಶಕದಲ್ಲಿ ಸರಕಾರ ಸೋಮಾರಿತನವೆಂದು ನಿಲ್ಲಿಸಿದ್ದು ನೂರು ವರ್ಷಗಳ ಬಳಿಕ ಶಾಸ್ತ್ರೀಯ ಸಲಹೆಯಾಗಿ ಹಿಂದೆ ಬಂತು!

ಮುಂದೆ ಸಣ್ಣ ರೈತರು ಚಹಾದತ್ತ ತಿರುಗಿದರು. ಚಹಾದ ಬಗ್ಗೆ ಅನ್ಯಾಯದ ಮಾತು ಬೇಡ. ಒತ್ತಾಗಿ ಬೆಳೆದು ನೆಲ ಮುಚ್ಚಿದ ಚಹಾ ಗಿಡ ಮಳೆಹನಿಯ ಹೊಡೆತವನ್ನು ತಾನೇ ತಾಳಿಕೊಳ್ಳುತ್ತದೆ. ಬೆತ್ತಲೆ ತರಕಾರಿ ಹೊಲಕ್ಕಿಂತ ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಗಿಡದಲ್ಲಿಲ್ಲ, ಅದೊಂದನ್ನೇ ನಂಬಿದ್ದರಲ್ಲಿದೆ. 1990ರ ದಶಕದ ಕೊನೆಯಲ್ಲಿ ಹಸಿರು ಎಲೆಯ ಬೆಲೆ ಕುಸಿದಾಗ ಸಾವಿರಾರು ಮನೆಗಳಿಗೆ ಬೇರೆ ಆಸರೆ ಇರಲಿಲ್ಲ. ಹೊಲದಲ್ಲಿ ಸಾಮೆಯಿಲ್ಲ, ಕಣಜದಲ್ಲಿ ರಾಗಿಯಿಲ್ಲ, ಎಲೆಯನ್ನು ಬೇಯಿಸಿ ಉಣ್ಣಲಾಗದು. ಅಡಿಕೆಯ ಬೆಲೆ ಬಿದ್ದ ವರ್ಷಗಳನ್ನು ಕಂಡ, ಕೊಳೆರೋಗ ಬಂದ ತೋಟಗಳನ್ನು ಕಂಡ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೆಟ್ಟಿಲಿನ ಪ್ರಶ್ನೆ

ಈಗ ಪಠ್ಯಪುಸ್ತಕದ ಮೆಟ್ಟಿಲಿಗೆ ಬರೋಣ. ನೀಲಗಿರಿಯ ಮೆಟ್ಟಿಲು ಹೊಲಗಳೆಲ್ಲ ಅನಾದಿ ಕಾಲದವು ಎಂದು ಪ್ರವಾಸಿಗರು ತಿಳಿಯುತ್ತಾರೆ. ಹಾಗಲ್ಲ. ಅವುಗಳಲ್ಲಿ ಬಹಳಷ್ಟು 1950ರ ದಶಕದಿಂದೀಚೆಗೆ ಮಣ್ಣು ಸಂರಕ್ಷಣೆಯ ಯೋಜನೆಗಳ ಮೂಲಕ ಹಬ್ಬಿದವು. ಹಳೆಯ ಬೇಸಾಯದ ರಕ್ಷೆ ಇದ್ದುದು ಮೆಟ್ಟಿಲಿನಲ್ಲಲ್ಲ, ವಿಶ್ರಾಂತಿಯಲ್ಲಿ. ವಿಶ್ರಾಂತಿ ಹೋದ ಮೇಲೆ ಮೆಟ್ಟಿಲು ಬೇಕೇ ಬೇಕಾಯಿತು.

ಬಟಾಟೆಯ ಪಾತಿಗಳನ್ನು ರೈತರು ಮೇಲಿನಿಂದ ಕೆಳಕ್ಕೆ, ಇಳಿಜಾರಿನ ದಾರಿಯಲ್ಲೇ ಎಳೆಯುವುದುಂಟು. ಇದನ್ನು ನೋಡಿ ಅಧಿಕಾರಿಗಳು ಅಜ್ಞಾನ ಎನ್ನುತ್ತಾರೆ. ರೈತನನ್ನು ಕೇಳಿದರೆ ಕಾರಣ ಹೇಳುತ್ತಾನೆ: ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಅವನ ಮಾತು ಸರಿ. ಆದರೆ ನೀರಿನ ಜೊತೆ ಮಣ್ಣೂ ಹೋಗುತ್ತದೆ. ಉದಕಮಂಡಲದಲ್ಲಿ 1954ರಲ್ಲಿ ಸ್ಥಾಪನೆಯಾದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರದ ಪ್ರಯೋಗಗಳಲ್ಲಿ, ಶೇಕಡ 25ರ ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಪಾತಿ ಹಾಕಿದಾಗ ವರ್ಷಕ್ಕೆ ಹೆಕ್ಟೇರಿಗೆ 40 ಟನ್ನಿನ ಸಮೀಪ ಮಣ್ಣು ಹೋಯಿತು; ಮೆಟ್ಟಿಲು ಮಾಡಿದಾಗ ಅದು ಒಂದು ಟನ್ನಿನ ಆಸುಪಾಸಿಗೆ ಇಳಿಯಿತು. ಹಾಗಾದರೆ ಕೊಳೆಯುವ ಗಡ್ಡೆಯ ಗತಿಯೇನು? ಅದಕ್ಕೂ ಉಪಾಯವಿದೆ. ಮೆಟ್ಟಿಲನ್ನು ಹೊರಗೆ ವಾಲಿಸದೆ ಬೆಟ್ಟದ ಕಡೆಗೆ ಸ್ವಲ್ಪ ಒಳವಾಟವಾಗಿ ಕಡಿದು, ಒಳಬದಿಯಲ್ಲಿ ಸಣ್ಣ ಕಣಿ ಮಾಡಿ, ನೀರನ್ನು ಮೆಲ್ಲಗೆ ಪಕ್ಕಕ್ಕೆ ಒಯ್ಯಬೇಕು. ದರೆಯ ಮುಖಕ್ಕೆ ಹುಲ್ಲು ನೆಡಬೇಕು. ಮಣ್ಣು ನಿಲ್ಲಬೇಕು, ನೀರು ಹೋಗಬೇಕು. ಅಡಿಕೆ ತೋಟದಲ್ಲಿ ಕಣಿ ತೆಗೆಯುವ ನಮ್ಮ ಹಿರಿಯರಿಗೆ ಈ ಮಾತು ಹೊಸತಲ್ಲ.

ಇಲ್ಲಿ ಇನ್ನೊಂದು ಗುಟ್ಟಿದೆ. ಕಣಿಯ ನೀರು ಎಲ್ಲಿ ಬೀಳಬೇಕು? ಮೇಲಿನವನ ಕಣಿ ಕೆಳಗಿನವನ ಮೆಟ್ಟಿಲಿಗೆ ಬಿದ್ದರೆ ಕೆಳಗಿನ ಮೆಟ್ಟಿಲು ಉಳಿಯುವುದಿಲ್ಲ. ಆದುದರಿಂದ ಇಳಿಜಾರಿನ ಬೇಸಾಯ ಎಂದಿಗೂ ಒಂಟಿ ಬೇಸಾಯವಲ್ಲ. ಸಮತಟ್ಟು ಬಯಲಿನಲ್ಲಿ ನೆರೆಯವನೊಡನೆ ಜಗಳವಾಡಿಯೂ ಬೆಳೆ ಬೆಳೆಯಬಹುದು, ಗುಡ್ಡದಲ್ಲಿ ಆಗದು. ಇಡೀ ಊರು ಕೂಡಿ ನೀರಿನ ದಾರಿಯನ್ನು ನಿಶ್ಚಯಿಸಬೇಕು. ಸಹಾಯಧನ ಒಬ್ಬೊಬ್ಬ ರೈತನ ಹೆಸರಿಗೆ ಬೇರೆ ಬೇರೆಯಾಗಿ ಬಂದು, ಒಬ್ಬನ ಹೊಲ ಕಟ್ಟಿಸಿ ಪಕ್ಕದವನದನ್ನು ಬಿಟ್ಟರೆ ಸರಕಾರದ ಹಣವೂ ಮಣ್ಣಿನ ಜೊತೆ ಹೊಳೆ ಸೇರುತ್ತದೆ.

ನೆತ್ತಿಯ ಹುಲ್ಲು, ತಗ್ಗಿನ ನೀರು

ಹೊಲದ ಮಾತು ಹೊಲದಲ್ಲೇ ಮುಗಿಯುವುದಿಲ್ಲ. ನೀಲಗಿರಿಯ ನೆತ್ತಿಯಲ್ಲಿ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲೆಯೆಂಬ ದಟ್ಟ ಕಿರುಕಾಡು, ತಗ್ಗಿನಲ್ಲಿ ಜೌಗು. ಈ ಮೂರೂ ಕೂಡಿ ಮಳೆನೀರನ್ನು ಹೀರಿ ಬೇಸಗೆಗೆ ಮೆಲ್ಲಗೆ ಬಿಡುತ್ತಿದ್ದವು. ಆಂಗ್ಲರಿಗೆ ಹುಲ್ಲುಗಾವಲು ಪಾಳುಭೂಮಿಯಾಗಿ ಕಂಡಿತು. ನೀಲಿ ನೀಲಗಿರಿ ಮರವನ್ನೂ ವಾಟಲ್ ಮರವನ್ನೂ ಹೊರದೇಶದಿಂದ ತಂದು ನೆಟ್ಟರು. ಸ್ವಾತಂತ್ರ್ಯಾನಂತರವೂ ನೆಡುವ ಕೆಲಸ ಮುಂದುವರಿಯಿತು. ಆ ಮರಕ್ಕೆ ನಾವು ಕನ್ನಡದಲ್ಲಿ ನೀಲಗಿರಿ ಎಂದು ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟದ್ದು ವಿಪರ್ಯಾಸ. ಅದು ಆಸ್ಟ್ರೇಲಿಯದ ಮರ.

ಉದಕಮಂಡಲದ ಸಂಶೋಧಕರು ಗ್ಲೆನ್‌ಮಾರ್ಗನ್ ಎಂಬಲ್ಲಿ ಅಕ್ಕಪಕ್ಕದ ಎರಡು ಸಣ್ಣ ಕಣಿವೆಗಳನ್ನು ಆರಿಸಿ, ಒಂದನ್ನು ಹುಲ್ಲಾಗಿಯೇ ಬಿಟ್ಟು ಇನ್ನೊಂದರ ಬಹುಭಾಗದಲ್ಲಿ ಈ ಮರ ನೆಟ್ಟು ಹರಿದುಹೋಗುವ ನೀರನ್ನು ವರ್ಷಗಟ್ಟಲೆ ಅಳೆದರು. ಮರದ ಮೊದಲ ಸುತ್ತಿನ ಹತ್ತು ವರ್ಷಗಳಲ್ಲಿ ನೀರು ಶೇಕಡ 16ರಷ್ಟು ಕಡಿಮೆಯಾಯಿತು. ಕಡಿದ ಬುಡ ಚಿಗುರಿದ ಎರಡನೆಯ ಸುತ್ತಿನಲ್ಲಿ ಶೇಕಡ 25ರಷ್ಟು. ಕೆಳಗಿನ ಹೊಲದವನಿಗೆ ಬೇಸಗೆಯ ನೀರು ಯಾಕೆ ಬತ್ತಿತು ಎಂಬುದಕ್ಕೆ ಉತ್ತರ ಅವನ ಹೊಲದಲ್ಲಿರಲಿಲ್ಲ, ನೆತ್ತಿಯಲ್ಲಿತ್ತು. 2022ರಲ್ಲಿ ತಮಿಳುನಾಡು ಸರಕಾರ ಆಕ್ರಮಣಕಾರಿ ಹೊರಸಸ್ಯಗಳನ್ನು ತೆಗೆದು ಮೂಲದ ಸಸ್ಯವರ್ಗವನ್ನು ಮರಳಿ ತರುವ ನೀತಿಯನ್ನು ಪ್ರಕಟಿಸಿದೆ. ಒಳ್ಳೆಯದು. ಪಾಳುಭೂಮಿ ಎಂಬ ಒಂದು ತಪ್ಪು ಶಬ್ದವನ್ನು ತಿದ್ದಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಬೆಟ್ಟದ ವಸೂಲಿ

1978ರ ನವೆಂಬರ್, 1993ರ ನವೆಂಬರ್, 2009ರ ನವೆಂಬರ್: ನೀಲಗಿರಿಯ ಪೂರ್ವ ಭಾಗದಲ್ಲಿ ಹಿಂಗಾರು ಬಿರುಸಾದಾಗ ಬೆಟ್ಟ ಜರಿದ ದೊಡ್ಡ ವರ್ಷಗಳಿವು. 2009ರಲ್ಲಿ ನಾಲ್ಕೈದು ದಿನಗಳೊಳಗೆ ಸುಮಾರು 40 ಮಂದಿ ಪ್ರಾಣ ಕಳೆದುಕೊಂಡರು. 2019ರ ಆಗಸ್ಟ್‌ನಲ್ಲಿ ಪಶ್ಚಿಮದ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಅಷ್ಟು ಮಳೆಗೆ ಯಾವ ಬೇಸಾಯವೂ ಪೂರ್ತಿ ಉತ್ತರವಲ್ಲ. ಹಳೆಯವರಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ 2009ರ ಕುಸಿತಗಳಲ್ಲಿ ಬಹಳಷ್ಟು ನಡೆದದ್ದು ರಸ್ತೆಗೆ, ರೈಲುಹಾದಿಗೆ, ಕಟ್ಟಡಕ್ಕೆ ಬೆಟ್ಟವನ್ನು ಕಡಿದ ಬದಿಗಳಲ್ಲಿ ಎಂಬುದನ್ನು ಮರೆಯಬಾರದು. ನೀರಿನ ಸಹಜ ದಾರಿಯನ್ನು ಮುಚ್ಚಿದರೆ ನೀರು ತಾನೇ ಹೊಸ ದಾರಿ ಮಾಡಿಕೊಳ್ಳುತ್ತದೆ.

ಗೂಡಲೂರಿನ ಗಡಿಯಾಚೆ ವಯನಾಡು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ–ಚೂರಲ್‌ಮಲೆಗಳಲ್ಲಿ ಆದುದನ್ನು ನಮ್ಮ ಮನೆಗಳು ಮರೆತಿಲ್ಲ. 2018ರಲ್ಲಿ ಕೊಡಗು. 2025ರ ಮಳೆಗಾಲದಲ್ಲಿ ನಮ್ಮದೇ ಜಿಲ್ಲೆಯ ಚೆರ್ವತ್ತೂರಿನಲ್ಲಿ ಹೆದ್ದಾರಿಯ ಪಕ್ಕದ ವೀರಮಲ ಗುಡ್ಡೆ ಜರಿಯಿತು. ಬೆಟ್ಟಗಳು ಬೇರೆ ಬೇರೆ, ಪಾಠ ಒಂದೇ.

ನಮ್ಮ ಗುಡ್ಡೆ, ನಮ್ಮ ಶಬ್ದ

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ನಮ್ಮ ಹಿರಿಯರು ನೆಲವನ್ನು ಮೂರಾಗಿ ಗುರುತಿಸುತ್ತಿದ್ದರು: ತೋಡಿನ ಬದಿಯ ತಗ್ಗಿನ ಗದ್ದೆ ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಈ ಮೂರು ಶಬ್ದಗಳಲ್ಲಿ ಎತ್ತರ, ನೀರು, ವರ್ಷಕ್ಕೆ ತೆಗೆಯಬಹುದಾದ ಬೆಳೆ, ಬಿತ್ತಬೇಕಾದ ಭತ್ತದ ಜಾತಿ ಎಲ್ಲವೂ ಅಡಗಿತ್ತು. ಒಂದು ಪುಟದ ಕೃಷಿಶಾಸ್ತ್ರ ಒಂದು ಶಬ್ದದಲ್ಲಿ! ಇಂದಿನ ಕಂದಾಯದ ಕಾಗದದಲ್ಲಿ ಸಾಮಾನ್ಯವಾಗಿ ಕಾಣುವುದು ನಿಲಂ ಮತ್ತು ಪುರಯಿಡಂ ಎಂಬ ಎರಡೇ. ಮಲಯಾಳ ಭಾಷೆಯ ಮೇಲೆ ನಮ್ಮ ದೂರಲ್ಲ ಇದು. ಆ ಭಾಷೆಯ ರೈತನಿಗೂ ಇಂಥ ಶಬ್ದಗಳು ಬೇಕಾದಷ್ಟಿವೆ, ಅವನ ಶಬ್ದಗಳಿಗೂ ಕಾಗದದಲ್ಲಿ ಜಾಗವಿಲ್ಲ. ಕಚೇರಿಗೆ ಬೇಕಾದುದು ತೀರ್ವೆಯ ಶಬ್ದ. ಇಳಿಜಾರಿಗೆ ಬೇಕಾದುದು ನೀರಿನ ಶಬ್ದ. ಗದ್ದೆ ತುಂಬಿಸಬಾರದೆಂದು 2008ರ ಕಾನೂನು ಇದೆ. ಆದರೆ ಬೆಟ್ಟು ನೆಲವನ್ನು ಯಂತ್ರ ತಂದು ಒಂದೇ ವಾರದಲ್ಲಿ ಸಮತಟ್ಟು ಮಾಡಿ, ಕಡಿದ ದರೆಯನ್ನು ಗೋಡೆಯಂತೆ ನಿಲ್ಲಿಸಿ, ಅದರ ಬುಡದಲ್ಲಿ ಮನೆ ಕಟ್ಟುವುದು ದಿನನಿತ್ಯ ನಡೆಯುತ್ತಿದೆ. ಮಣ್ಣು ತೆಗೆಯಲು ಪರವಾನಗಿ ಬೇಕು ನಿಜ. ಆದರೆ ಈ ದರೆಯ ಮೇಲಿನ ನೀರು ಯಾವ ದಾರಿಯಾಗಿ ಹೋಗುತ್ತಿತ್ತು ಎಂದು ಊರಿನ ಹಿರಿಯರೊಬ್ಬರನ್ನು ಕೇಳುವ ಪದ್ಧತಿ ಇಲ್ಲ.

ಸುರಂಗದ ಮಾತೂ ಇದೇ. ಬಾಯಾರು, ಎಣ್ಮಕಜೆ, ಪೈವಳಿಕೆಯ ಕಡೆಗಳಲ್ಲಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳು ಪಂಪಿನ ಹಂಗಿಲ್ಲದೆ ತೋಟಗಳಿಗೆ ನೀರು ಕೊಟ್ಟಿವೆ. ಸುರಂಗದ ನೀರು ಸುರಂಗದ್ದಲ್ಲ. ನೆತ್ತಿಯ ಹುಲ್ಲು, ಪೊದೆ, ಹೊಂಡಗಳು ಹಿಡಿದುಕೊಟ್ಟ ಮಳೆಯದು. ನೆತ್ತಿಯನ್ನು ಬೋಳಿಸಿ ಸುರಂಗ ಬತ್ತಿತೆಂದು ಕೊಳವೆಬಾವಿ ತೋಡಿಸುವವರು ಗ್ಲೆನ್‌ಮಾರ್ಗನ್‌ನ ಲೆಕ್ಕವನ್ನು ಒಮ್ಮೆ ನೋಡಬೇಕು.

ಏನು ಮಾಡಬೇಕು?

ಹಿಂದಿನ ಕಾಲಕ್ಕೆ ಹೋಗೋಣ ಎಂದು ಯಾರೂ ಹೇಳಲಾರರು. ಚಹಾ ಕಿತ್ತು ಸಾಮೆ ಬಿತ್ತು ಎಂದು ನೀಲಗಿರಿಯ ಸಣ್ಣ ರೈತನಿಗೆ ಉಪದೇಶಿಸುವ ಹಕ್ಕು ನಮಗಿಲ್ಲ. ಮಗಳ ಕಾಲೇಜಿನ ಶುಲ್ಕವನ್ನು ಸಾಮೆಯಲ್ಲಿ ಕಟ್ಟಲಾಗದು. ಆದರೆ ಹಳೆಯ ಬೇಸಾಯದ ಬೆಳೆ ಹೋದರೂ ಅದರ ಲೆಕ್ಕ ಉಳಿಯಬೇಕು: ಒಂದನ್ನೇ ನಂಬದಿರುವುದು, ನೆಲಕ್ಕೆ ಬಿಡುವು ಕೊಡುವುದು, ನೆತ್ತಿಯನ್ನು ಮುಟ್ಟದಿರುವುದು, ನೀರಿನ ದಾರಿಯನ್ನು ಊರು ಕೂಡಿ ಕಾಯುವುದು. ಕೋತಗಿರಿಯ ಕೀಸ್ಟೋನ್ ಪ್ರತಿಷ್ಠಾನದಂಥ ಸಂಸ್ಥೆಗಳು ಅಲ್ಲಿನ ಆದಿವಾಸಿ ಹಳ್ಳಿಗಳಲ್ಲಿ ಕಿರುಧಾನ್ಯಗಳನ್ನು ಮತ್ತೆ ಬಿತ್ತಿಸುವ ಕೆಲಸ ಮಾಡಿವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ವರ್ಷ ಮುಗಿದ ಮೇಲೂ ಒಂದೊಂದು ಮನೆಯ ಒಂದೊಂದು ಮೂಲೆಯಲ್ಲಿ ಬೀಜ ಉಳಿದಿದೆಯೇ ಎಂಬುದು ಮುಖ್ಯ.

ನಮ್ಮ ಜಿಲ್ಲೆಯ ಮಟ್ಟಿಗೆ ನಾವು ಮೂರು ಸಲಹೆಗಳನ್ನು ಮುಂದಿಡುತ್ತೇವೆ. ಒಂದು, ಗುಡ್ಡೆ ಕಡಿಯಲು ಅನುಮತಿ ಕೊಡುವ ಮೊದಲು ಆ ಇಳಿಜಾರಿನ ಮೇಲಿನ ಮತ್ತು ಕೆಳಗಿನ ಮನೆಯವರನ್ನು ಕೂರಿಸಿ ನೀರಿನ ದಾರಿಯ ನಕ್ಷೆಯನ್ನು ಗ್ರಾಮಸಭೆಯಲ್ಲಿ ಬರೆಸಬೇಕು. ಎರಡು, ಸಹಾಯಧನದ ಯೋಜನೆಗಳನ್ನು ಒಬ್ಬೊಬ್ಬರ ಸರ್ವೆ ನಂಬರಿಗೆ ಅಲ್ಲ, ಒಂದು ತೋಡಿಗೆ ನೀರು ಹರಿಸುವ ಇಡೀ ಇಳಿಜಾರಿಗೆ ಕೊಡಬೇಕು. ಮೂರನೆಯದು ಅಧ್ಯಾಪಕರಾದ ನಮ್ಮ ಕೈಯಲ್ಲೇ ಇದೆ. ಪ್ರತಿಯೊಂದು ಕನ್ನಡ ಶಾಲೆಯ ಮಕ್ಕಳು ತಮ್ಮ ಮನೆಯ ಅಜ್ಜ–ಅಜ್ಜಿಯರಿಂದ ನೆಲದ, ನೀರಿನ, ಬಿತ್ತನೆಯ ಶಬ್ದಗಳನ್ನು ಕೇಳಿ ಬರೆದುಕೊಳ್ಳಲಿ: ಕಣಿ, ಕಟ್ಟ, ಮದಕ, ಪಳ್ಳ, ದರೆ, ಮಜಲು, ಬೆಟ್ಟು. ಮನೆಮಾತು ತುಳುವಾಗಿರಲಿ, ಹವ್ಯಕವಾಗಿರಲಿ, ಮರಾಠಿಯಾಗಿರಲಿ, ಮಲಯಾಳವಾಗಿರಲಿ, ಆ ಭಾಷೆಯಲ್ಲೇ ಬರೆಯಲಿ. ಆ ಶಬ್ದ ಯಾವ ಜಾಗದ್ದು, ಅಲ್ಲಿ ಮಳೆಗಾಲದಲ್ಲಿ ಏನಾಗುತ್ತದೆ ಎಂಬುದನ್ನೂ ಅದರ ಮುಂದೆ ಬರೆಯಲಿ.

ಕನ್ನಡ ಉಳಿಯಬೇಕು ಎಂದು ನಾವು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ; ಹೇಳಲೇಬೇಕು. ಆದರೆ ಭಾಷೆ ಉಳಿಯುವುದು ಅದರಿಂದ ಆಗಬೇಕಾದ ಕೆಲಸ ಇರುವ ತನಕ. ಮಜಲು ಯಾವುದು, ಬೆಟ್ಟು ಯಾವುದು ಎಂದು ತಿಳಿದ ಮಗು ಮುಂದೆ ಇಂಜಿನಿಯರ್ ಆಗಿ ರಸ್ತೆ ಹಾಕಿದರೂ, ಪಂಚಾಯತು ಸದಸ್ಯನಾಗಿ ಅನುಮತಿಗೆ ಕೈಯೆತ್ತಿದರೂ, ಸ್ವಂತ ಮನೆಗೆ ಜಾಗ ನೋಡಿದರೂ ಮೊದಲು ಒಮ್ಮೆ ಮೇಲಕ್ಕೆ ನೋಡುತ್ತದೆ. ಅಷ್ಟು ಕಲಿಸಲು ಹೊಸ ಪಠ್ಯಪುಸ್ತಕವೂ ಬೇಡ, ಸರಕಾರದ ಆದೇಶವೂ ಬೇಡ. ಬರುವ ಮಳೆಗಾಲಕ್ಕೆ ಮೊದಲೇ ಆರಂಭಿಸಬಹುದು.